ಬೆಂಕಿ ಕಂಡ ಬಣ್ಣಗಳು

ಶೀತದೇಶಗಳ ಗೃಹಸ್ಥರು ತಮ್ಮ ಮನೆಯ ಹಜಾರದಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆಯೊಂದನ್ನು ಕಟ್ಟಿಸಿ, ಕಾಲಕ್ರಮದಲ್ಲಿ ಅದರ ಮೈ ಮಸಿ ಹಿಡಿದು ಮಂಕಾದಾಗ, ಅದಕ್ಕೆ ಬಣ್ಣ ಬಳಿಯುವುದು ಯುಕ್ತವೋ, ಇಟ್ಟಿಗೆಯನ್ನು ಅದರ ಸಹಜವರ್ಣದಲ್ಲಿಯೇ ಬಿಡುವುದು ಯುಕ್ತವೋ ಎಂದು ದೀರ್ಘವಾಗಿ ವಿಚಾರ ಮಾಡುವುದುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬಯಲುಸೀಮೆಯಲ್ಲಿ ಅಂತಹ ಅಗ್ಗಿಷ್ಟಿಕೆಯ ಅವಶ್ಯಕತೆ ಕಾಣದು. 1,478 ಮೀಟರು ಎತ್ತರದ ನಂದಿಬೆಟ್ಟದ ನೆತ್ತಿಯಲ್ಲಿ ಮಾಗಿಯ ಇರುಳನ್ನು ಕಳೆಯುವವನಿಗೆ ಅದರ ನೆನಪಾದೀತು, ಅಷ್ಟೆ. ಆದರೆ ಇಟ್ಟಿಗೆಯಿಂದ ಕಟ್ಟಿ ಬೆಂಕಿಯುರಿಸುವ ಸ್ಥಾನಗಳು ಈ ಸೀಮೆಯಲ್ಲಿ ಕಡಮೆಯೇನಲ್ಲ. ಅನಿಲದ ಸಿಲಿಂಡರು ಬಂದ ಮೇಲೆ ಹಿತ್ತಿಲಿಗೆ ಸರಿದಿದ್ದರೂ ಹಬ್ಬಹರಿದಿನಗಳಲ್ಲಿ ಮರಳಿ ಜೀವ ತಳೆಯುವ ಅಡುಗೆಯ ಒಲೆ, ಬಚ್ಚಲುಮನೆಯ ಮೂಲೆಯಲ್ಲಿ ತಾಮ್ರದ ಹಂಡೆಯನ್ನು ಹೊತ್ತು ನಿಂತ ನೀರೊಲೆ, ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ರೇಷ್ಮೆಗೂಡು ಬೇಯಿಸುವ ಒಲೆ, ಇವೆಲ್ಲವೂ ಅಗ್ಗಿಷ್ಟಿಕೆಯ ದಾಯಾದಿಗಳೇ; ಇವುಗಳ ಮೈಗೆ ಏನನ್ನು ಬಳಿಯಬೇಕೆಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ಆ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟ ಉತ್ತರ ಎರಡೇ ವಸ್ತುಗಳಲ್ಲಿ ಮುಗಿದಿತ್ತು. ಒಂದು ಸುಣ್ಣ, ಇನ್ನೊಂದು ಕೆಮ್ಮಣ್ಣು. ದೇವಸ್ಥಾನದ ಪ್ರಾಕಾರದ ಗೋಡೆಗೆ ಸುಣ್ಣ ಮತ್ತು ಜಾಜಿನ ಪಟ್ಟೆಗಳನ್ನೆಳೆದ ಕೈಗಳೇ ಮನೆಯ ಒಲೆಗೂ ಕೆಮ್ಮಣ್ಣು ಸಾರಿಸಿ, ಅದರ ಅಂಚಿಗೆ ಬಿಳಿಯ ಎಳೆ ಬಿಟ್ಟು, ಸಂಕ್ರಾಂತಿಗೂ ದೀಪಾವಳಿಗೂ ಅದನ್ನು ಹೊಸದಾಗಿಸುತ್ತಿದ್ದವು. ಈಗಲಾದರೋ ಪೇಟೆಯ ಅಂಗಡಿಯಲ್ಲಿ ಸಾವಿರ ಛಾಯೆಗಳ ಬಣ್ಣದ ಡಬ್ಬಿಗಳು ಸಾಲಾಗಿ ನಿಂತಿರುವುದರಿಂದ, ಗೋಡೆಗೆ ಬಳಿದು ಮಿಕ್ಕ ಎನಾಮಲ್ಲನ್ನೋ ಎಮಲ್ಷನ್ನನ್ನೋ ಒಲೆಗೂ ಬಳಿದುಬಿಡುವುದು ಸಾಮಾನ್ಯವಾಗಿದೆ; ಹಾಗೆ ಬಳಿದ ಬಣ್ಣ ಬಹುಕಾಲ ನಿಲ್ಲದೆ ಗುಳ್ಳೆಯೆದ್ದು ಹಕ್ಕಳೆಯಾಗಿ ಉದುರುವುದೂ ಅಷ್ಟೇ ಸಾಮಾನ್ಯ. ದೋಷ ಬಳಿದವನ ಕೈಯದಲ್ಲ. ಬೆಂಕಿಯ ಮನೆಗೆ ಒಮ್ಮೆ ಬೆಂಕಿಯಲ್ಲಿ ಬೆಂದು ಬಂದ, ಇಲ್ಲವೆ ಇನ್ನು ಬೇಯಲು ತನ್ನಲ್ಲಿ ಏನೂ ಉಳಿದಿಲ್ಲದ ಬಣ್ಣವೇ ಸಲ್ಲತಕ್ಕದ್ದು ಎಂಬುದು ಈ ಅಧ್ಯಾಯದ ಪ್ರತಿಪಾದ್ಯ. ಅದು ಏಕೆ ಹಾಗೆ ಎಂಬುದನ್ನು ಇಟ್ಟಿಗೆಯಿಂದಲೇ ಆರಂಭಿಸಿ ನೋಡುವುದು ಉಚಿತ.

ಈ ಸೀಮೆಯ ನೆಲ ಬಹುಪಾಲು ಗ್ರಾನೈಟು ಮತ್ತು ನೈಸ್ ಶಿಲೆಗಳು ಯುಗಯುಗಾಂತರಗಳಿಂದ ಶಿಥಿಲವಾಗಿ ಆದ ಕೆಂಪುಮಣ್ಣು. ಆ ಶಿಲೆಗಳೊಳಗಿನ ಕಪ್ಪು ಖನಿಜಗಳಲ್ಲಿದ್ದ ಕಬ್ಬಿಣದ ಅಂಶ ಗಾಳಿಯ ಆಮ್ಲಜನಕದೊಡನೆ ಕೂಡಿ ಮಣ್ಣಿಗೆ ಆ ವರ್ಣವನ್ನು ಕೊಟ್ಟಿದೆ. ಮಳೆಯ ನೀರು ಹೊತ್ತು ತಂದ ಅದರ ನಯವಾದ ಭಾಗ ಕೆರೆಯಂಗಳದಲ್ಲಿ ಹೂಳಾಗಿ ನಿಂತು, ಬೇಸಗೆಯಲ್ಲಿ ಕೆರೆ ಬತ್ತಿದಾಗ ಇಟ್ಟಿಗೆ ಕೊಯ್ಯುವವರಿಗೆ ಒದಗುತ್ತದೆ. ಅಚ್ಚಿನಿಂದ ತೆಗೆದ ಹಸಿ ಇಟ್ಟಿಗೆಯನ್ನು ಗೂಡಿನಲ್ಲಿಟ್ಟು ಸುಮಾರು 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸಿದಾಗ, ಜೇಡಿಯ ಕಣಗಳೊಳಗೆ ಬಂಧಿತವಾಗಿದ್ದ ನೀರು ಹೊರಟುಹೋಗಿ, ಕಣಗಳು ತಮ್ಮ ಅಂಚುಗಳಲ್ಲಿ ಕರಗಿ ಒಂದಕ್ಕೊಂದು ಬೆಸೆದುಕೊಂಡು, ಕಬ್ಬಿಣದ ಅಂಶ ಪೂರ್ಣವಾಗಿ ಆಕ್ಸೈಡಾಗಿ ಕೆಂಪನ್ನು ತಾಳುತ್ತದೆ. ಗೂಡಿನೊಳಗೆ ಗಾಳಿ ಸಾಲದ ಕಡೆ ಇದ್ದ ಇಟ್ಟಿಗೆ ಮಾತ್ರ ಕಪ್ಪಾಗಿ ಹೊರಬರುತ್ತದೆ. ಹಾಗೆ ಬೆಂದ ಇಟ್ಟಿಗೆ ಕಣ್ಣಿಗೆ ಘನವಾಗಿ ಕಂಡರೂ ಒಳಗೆ ರಂಧ್ರಮಯವಾದ ವಸ್ತು. ಸಾಮಾನ್ಯ ದರ್ಜೆಯ ಇಟ್ಟಿಗೆಯನ್ನು 24 ಗಂಟೆ ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ಅದು ತನ್ನ ತೂಕದ ನೂರಕ್ಕೆ 20 ಪಾಲಿಗಿಂತ ಹೆಚ್ಚು ನೀರನ್ನು ಹೀರಬಾರದೆಂದು ಭಾರತೀಯ ಮಾನಕ ವಿಧಿಸುತ್ತದೆ. ಎಂದರೆ ಮೂರು ಕಿಲೋಗ್ರಾಮಿನ ಇಟ್ಟಿಗೆಯೊಂದು ಅರ್ಧ ಲೀಟರಿಗೂ ಮಿಗಿಲಾದ ನೀರನ್ನು ಒಳಗಿಟ್ಟುಕೊಂಡಿದ್ದರೂ ಅದು ಒಳ್ಳೆಯ ಇಟ್ಟಿಗೆಯೆಂದೇ ಗಣನೆಗೆ ಬರುತ್ತದೆ.

ಬಚ್ಚಲುಮನೆಯ ಒಲೆಯಂತೂ ಹಗಲಿರುಳೂ ತೇವದ ನಡುವೆ ಇರತಕ್ಕದ್ದು. ನೆಲದ ನೀರು ಕೇಶಾಕರ್ಷಣದಿಂದ ಇಟ್ಟಿಗೆಯ ಸೂಕ್ಷ್ಮನಾಳಗಳಲ್ಲಿ ಮೇಲೇರುತ್ತದೆ, ಹಂಡೆಯಿಂದ ತುಳುಕಿದ ನೀರು ಮೇಲಿನಿಂದ ಇಳಿಯುತ್ತದೆ. ಬೆಳಗಿನಲ್ಲಿ ಒಲೆ ಹೊತ್ತಿಸಿದಾಗ ಈ ನೀರು ಆವಿಯಾಗಿ ಹೊರಗೆ ಬರಲೇಬೇಕು, ಮತ್ತು ಒಂದು ಲೀಟರು ನೀರು ಕುದಿಯುವ ಉಷ್ಣತೆಯಲ್ಲಿ ಆವಿಯಾದರೆ ಸುಮಾರು 1,700 ಲೀಟರು ಸ್ಥಳವನ್ನು ಬೇಡುತ್ತದೆ. ಬರಿಯ ಇಟ್ಟಿಗೆಯ ಮೈಯಲ್ಲಿ ಅದಕ್ಕೆ ಸಾವಿರ ದಾರಿಗಳುಂಟು. ಆದರೆ ಎನಾಮಲ್ ಬಣ್ಣವಾಗಲಿ ಎಮಲ್ಷನ್ನಾಗಲಿ ಒಣಗಿದ ಮೇಲೆ ಉಳಿಯುವುದು ರಾಳದ ಅವಿಚ್ಛಿನ್ನವಾದ ಒಂದು ತೆಳುಪೊರೆ. ಕುದಿಯುವ ತಪ್ಪಲೆಗೆ ಮುಚ್ಚಳ ಬಿಗಿದಂತೆ ಅದು ಆವಿಯನ್ನು ತಡೆದು ನಿಲ್ಲುತ್ತದೆ, ತಡೆಯಲಾರದೆ ಹೋದಾಗ ಗುಳ್ಳೆಯಾಗಿ ಏಳುತ್ತದೆ. ಇದರ ಜೊತೆಗೆ ಇನ್ನೆರಡು ಉಪದ್ರವಗಳುಂಟು. ಬಿಸಿಯೇರಿದಾಗ ಇಟ್ಟಿಗೆ ಹಿಗ್ಗುವ ಪ್ರಮಾಣಕ್ಕಿಂತ ಈ ರಾಳಗಳು ಹಿಗ್ಗುವ ಪ್ರಮಾಣ ಸುಮಾರು ಹತ್ತು ಪಟ್ಟು ಹೆಚ್ಚಾದುದರಿಂದ, ದಿನಕ್ಕೆರಡು ಬಾರಿ ಕಾದು ಆರುವ ಒಲೆಯ ಮೇಲೆ ಪೊರೆಗೂ ಇಟ್ಟಿಗೆಗೂ ದಿನಕ್ಕೆರಡು ಬಾರಿ ಜಗಳ ತಪ್ಪದು. ಅಲ್ಲದೆ ರಾಳವೆಂಬುದು ಇಂಗಾಲದ ಸಂಯುಕ್ತ. ಅದು ಕಾವಿಗೆ ಮೊದಲು ಮೆದುವಾಗಿ, ಆಮೇಲೆ ಹಳದಿಯಾಗಿ, ಒಲೆಯ ಬಾಯಿಯ ಸಮೀಪದಲ್ಲಿ ಕರಿಕಾಗಿ, ಕೆಟ್ಟ ವಾಸನೆಯ ಹೊಗೆಯನ್ನು ಬಿಡುತ್ತದೆ. ಸೌದೆಯೂ ಇಂಗಾಲದ ಸಂಯುಕ್ತವೇ ಆದಕಾರಣ, ಒಲೆಗೆ ಇಂತಹ ಬಣ್ಣ ಬಳಿಯುವುದೆಂದರೆ ಒಲೆಗೆ ಹೊರಗಿನಿಂದಲೂ ಸೌದೆಯಿಟ್ಟಂತೆಯೇ ಸರಿ.

ಸುಣ್ಣದ ಕಥೆ ಬೇರೆ. ಸುಣ್ಣದ ಶಿಲೆಯಾಗಲಿ, ಹೊಲದ ಮಣ್ಣಿನಲ್ಲಿ ಗಂಟುಗಂಟಾಗಿ ಸಿಕ್ಕುವ ಸುಣ್ಣಗಲ್ಲಾಗಲಿ, ರಾಸಾಯನಿಕ ದೃಷ್ಟಿಯಿಂದ ಕ್ಯಾಲ್ಸಿಯಂ ಕಾರ್ಬೊನೇಟು. ಅದನ್ನು ಭಟ್ಟಿಯಲ್ಲಿಟ್ಟು ಸುಮಾರು 900 ಡಿಗ್ರಿಯವರೆಗೆ ಕಾಯಿಸಿದರೆ, ಶುದ್ಧವಾದ ಕಲ್ಲಾಗಿದ್ದಲ್ಲಿ 100 ಕಿಲೋಗ್ರಾಮಿನಲ್ಲಿ 44 ಕಿಲೋಗ್ರಾಮು ಇಂಗಾಲಾಮ್ಲ ವಾಯುವಾಗಿ ಹೊರಟುಹೋಗಿ 56 ಕಿಲೋಗ್ರಾಮು ಸುಟ್ಟ ಸುಣ್ಣ ಉಳಿಯುತ್ತದೆ. ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಬುಸುಗುಟ್ಟಿ ಅರಳುವುದನ್ನು ಹಳ್ಳಿಯ ಮಕ್ಕಳೆಲ್ಲ ದೂರದಲ್ಲಿ ನಿಂತು ನೋಡಿ ಆನಂದಿಸಿರುತ್ತಾರೆ. ಒಂದು ಕಿಲೋಗ್ರಾಮು ಸುಣ್ಣ ಅರಳುವಾಗ ಹೊಮ್ಮುವ ಶಾಖ ಮೂರು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕೆಂದರೆ, ಭಟ್ಟಿಯ ಬೆಂಕಿಯ ಒಂದಂಶ ಆ ಬಿಳಿಯ ಉಂಡೆಯೊಳಗೆ ಅಡಗಿ ಕುಳಿತಿತ್ತೆಂದೇ ಅರ್ಥ. ಅರಳಿದ ಸುಣ್ಣವನ್ನು ತಿಳಿಯಾಗಿ ಕದಡಿ ಇಟ್ಟಿಗೆಗೆ ಬಳಿದರೆ, ಅದು ರಂಧ್ರಗಳೊಳಕ್ಕೆ ಇಳಿದು, ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ನಿಧಾನವಾಗಿ ಮರಳಿ ಪಡೆದು, ಪುನಃ ಕ್ಯಾಲ್ಸಿಯಂ ಕಾರ್ಬೊನೇಟಾಗುತ್ತದೆ. ಭಟ್ಟಿಯಲ್ಲಿ ಕಲ್ಲುತನವನ್ನು ಕಳೆದುಕೊಂಡ ಕಲ್ಲು ಗೋಡೆಯ ಮೇಲೆ ಮತ್ತೆ ಕಲ್ಲಾಗುತ್ತದೆ. ಬಳಿದ ದಿನ ಮಂಕಾಗಿ ಕಂಡ ಸುಣ್ಣ ಒಣಗಿದಂತೆಲ್ಲ ಬೆಳ್ಳಗಾಗುವುದೂ, ದಿನಕಳೆದಂತೆ ಗಟ್ಟಿಯಾಗುವುದೂ ಇದರಿಂದಲೇ. ಹೀಗೆ ಆದ ಪದರ ಸೂಕ್ಷ್ಮಸ್ಫಟಿಕಗಳ ಜಾಲವಾದುದರಿಂದ ಆವಿಯನ್ನು ತಡೆಯುವುದಿಲ್ಲ; ಇಟ್ಟಿಗೆಯಂತೆಯೇ ಅಲ್ಪವಾಗಿ ಹಿಗ್ಗುವುದರಿಂದ ಅದರೊಡನೆ ಜಗಳವಿಲ್ಲ; ಸುಡತಕ್ಕ ಅಂಶವೇ ಇಲ್ಲದುದರಿಂದ ಕರಿಕಾಗುವಂತೆಯೂ ಇಲ್ಲ. ಅದನ್ನು ಮತ್ತೆ ಒಡೆಯಬೇಕಾದರೆ ಪುನಃ ಭಟ್ಟಿಯ ಕಾವೇ ಬೇಕು. ಒಲೆಯ ಹೊರಮೈ ಎಂದಿಗೂ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಆದರೆ ಸುಣ್ಣ ಕಲ್ಲಾಗಲು ಗಾಳಿಯೊಂದೇ ಸಾಲದು, ತೇವವೂ ಬೇಕು. ಇಂಗಾಲಾಮ್ಲ ವಾಯು ಮೊದಲು ನೀರಿನಲ್ಲಿ ಕರಗಿ, ಆ ನೀರಿನಲ್ಲಿಯೇ ಸುಣ್ಣದೊಡನೆ ಕೂಡಬೇಕಾಗಿರುವುದರಿಂದ, ಬಳಿದೊಡನೆ ಒಲೆ ಹೊತ್ತಿಸಿ ಒಣಗಿಸಿದ ಸುಣ್ಣ ಕಲ್ಲಾಗದೆ ಬರಿಯ ಪುಡಿಯಾಗಿ ಉಳಿದು, ಸೀರೆಯ ಸೆರಗಿಗೂ ಪಂಚೆಯ ಅಂಚಿಗೂ ಹತ್ತುತ್ತದೆ. ಹಬ್ಬದ ಹಿಂದಿನ ಸಂಜೆ ಅವಸರದಲ್ಲಿ ಬಳಿದ ಸುಣ್ಣಕ್ಕೂ ಹದಿನೈದು ದಿನ ಮುಂಚಿತವಾಗಿ ಬಳಿದ ಸುಣ್ಣಕ್ಕೂ ಇರುವ ಅಂತರ ಇದೇ.

ಕೆಮ್ಮಣ್ಣಿನ ವಿಷಯದಲ್ಲಿ ಹೇಳಬೇಕಾದುದು ಇಷ್ಟು ದೀರ್ಘವಾಗಿಲ್ಲ. ಅದರ ಕೆಂಪು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನದು; ಕಬ್ಬಿಣ ತಾನು ಹಿಡಿಯಬಲ್ಲಷ್ಟು ಆಮ್ಲಜನಕವನ್ನು ಆಗಲೇ ಹಿಡಿದುಕೊಂಡಿರುವುದರಿಂದ ಅದು ಇನ್ನು ಸುಡಲಾರದು, ಬಿಸಿಲಿಗೆ ಮಾಸಲಾರದು, ಸುಣ್ಣದ ಕ್ಷಾರಕ್ಕೂ ಜಗ್ಗದು. ಹಳದಿಯ ಮಣ್ಣಿನಲ್ಲಿಯೂ ಇರುವುದು ಕಬ್ಬಿಣವೇ, ಆದರೆ ನೀರಿನೊಡನೆ ಕೂಡಿದ ಕಬ್ಬಿಣ. ಅದನ್ನು ಕಬ್ಬಿಣದ ಕಾವಲಿಯ ಮೇಲೆ ಹಾಕಿ ಬಲವಾಗಿ ಕಾಯಿಸಿದರೆ, ಉಷ್ಣತೆ 300 ಡಿಗ್ರಿಯ ಸಮೀಪಕ್ಕೆ ಬರುವ ಹೊತ್ತಿಗೆ ಆ ನೀರು ಹೊರಟುಹೋಗಿ ಹಳದಿ ಕೆಂಪಾಗುವುದನ್ನು ಕಣ್ಣಾರೆ ಕಾಣಬಹುದು. ಒಲೆಯ ಬಾಯಿಗೆ ಹಳದಿ ಬಳಿದವನು ಕಾಲಾಂತರದಲ್ಲಿ ಕೆಂಪನ್ನು ಕಂಡರೆ ಆಶ್ಚರ್ಯಪಡಬೇಕಾದುದಿಲ್ಲ. ಮೊದಲೇ ಕೆಂಪನ್ನು ಬಳಿದವನಿಗೆ ಆ ಚಿಂತೆಯೇ ಇಲ್ಲ.

ಇನ್ನು ಮಸಿ. ಉರಿಯುವ ಒಲೆಯೊಳಗೆ ಬಗ್ಗಿ ನೋಡಿದವರು, ಜ್ವಾಲೆ ನೇರವಾಗಿ ತಾಗುವ ಇಟ್ಟಿಗೆ ಶುಭ್ರವಾಗಿರುವುದನ್ನೂ, ಜ್ವಾಲೆಯಿಂದ ದೂರವಾದ ಇಟ್ಟಿಗೆ ಕಪ್ಪಾಗಿರುವುದನ್ನೂ ಗಮನಿಸಿರುತ್ತಾರೆ. ಸುಮಾರು 600 ಡಿಗ್ರಿಗಿಂತ ಹೆಚ್ಚು ಕಾದ ಮೈಯ ಮೇಲೆ ಕುಳಿತ ಮಸಿಯ ಕಣ ಗಾಳಿ ದೊರೆತೊಡನೆ ತಾನೇ ಉರಿದುಹೋಗುವುದರಿಂದ ಅಲ್ಲಿ ಮಸಿ ನಿಲ್ಲುವುದಿಲ್ಲ; ತಂಪಾದ ಕಡೆಯಲ್ಲಿ ಅದು, ಹಸಿ ಸೌದೆಯಿಂದ ಹೊರಟ ಡಾಂಬರಿನಂತಹ ಅಂಟಿನೊಡನೆ ಸೇರಿ, ಇಲ್ಲಣವಾಗಿ ನೇತಾಡುತ್ತದೆ. ಈ ಅಂಟು ಆಮ್ಲಗುಣದ್ದು. ಅದರ ಮೇಲೆ ಸುಣ್ಣ ಬಳಿದರೆ ಸುಣ್ಣ ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ, ಸಾಲದುದಕ್ಕೆ ಅಂಟು ಕಂದುಕಲೆಯಾಗಿ ಸುಣ್ಣದ ಮೂಲಕ ಹೊರಕ್ಕೆ ಸೋರುತ್ತದೆ. ಇದಕ್ಕೆ ಮದ್ದು ಒಲೆಯೊಳಗೇ ಉಂಟು. ಸೌದೆಯ ಬೂದಿಯನ್ನು ನೀರಿನಲ್ಲಿ ನೆನೆಯಿಟ್ಟು ಬಸಿದ ತಿಳಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟೆಂಬ ಕ್ಷಾರವಿರುತ್ತದೆ. ಅದರಿಂದ ತಿಕ್ಕಿದರೆ ಅಂಟು ಸಡಿಲವಾಗುತ್ತದೆ. ಪಾತ್ರೆ ತಿಕ್ಕಲು ಬೂದಿಯನ್ನು ಬಳಸುತ್ತಿದ್ದ ಗೃಹಿಣಿಗೆ ಈ ರಸಾಯನವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಬಣ್ಣಕ್ಕೂ ಶಾಖಕ್ಕೂ ಇರುವ ಸಂಬಂಧವನ್ನು ಕುರಿತು ಮಾತ್ರ ಜನರಲ್ಲಿಯೂ ಪಂಡಿತರಲ್ಲಿಯೂ ಬಹಳ ಕಾಲ ಗೊಂದಲವಿದ್ದಿತು. 1796ರಲ್ಲಿ ಕೌಂಟ್ ರಮ್‌ಫರ್ಡ್ ಅಗ್ಗಿಷ್ಟಿಕೆಗಳ ಸುಧಾರಣೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಬೆಂಕಿಯ ಹಿಂದಿನ ಮತ್ತು ಪಕ್ಕದ ಇಟ್ಟಿಗೆಗೋಡೆಗಳಿಗೆ ತೆಳುವಾಗಿ ಗಾರೆ ಮಾಡಿ ಸುಣ್ಣ ಬಳಿದು, ಮಸಿ ಹಿಡಿಯದ ಭಾಗಗಳನ್ನೆಲ್ಲ ಸಾಧ್ಯವಾದಷ್ಟು ಬೆಳ್ಳಗಿಡಬೇಕೆಂದೂ, ಬಿಳಿ ಶಾಖವನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆಂದೂ ಉಪದೇಶಿಸಿದನು. ಎಂಟು ವರ್ಷಗಳ ತರುವಾಯ, 1804ರಲ್ಲಿ, ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಲೋಹದ ಚೌಕ ಡಬ್ಬಿಯೊಂದರಲ್ಲಿ ಬಿಸಿನೀರು ತುಂಬಿ, ಅದರ ಒಂದೊಂದು ಮುಖಕ್ಕೆ ಒಂದೊಂದು ಲೇಪನ ಕೊಟ್ಟು ಅಳೆದಾಗ, ಹೊಳೆಯುವ ಬರಿಯ ಲೋಹ ಅತ್ಯಲ್ಪವಾಗಿ ಶಾಖವನ್ನು ಬೀರುವುದಾಗಿಯೂ, ಮಸಿ ಬಳಿದ ಕಪ್ಪು ಮುಖಕ್ಕೂ ಕಾಗದ ಅಂಟಿಸಿದ ಬಿಳಿಯ ಮುಖಕ್ಕೂ ಹೆಚ್ಚಿನ ಅಂತರವಿಲ್ಲವೆಂದೂ ಕಂಡುಬಂದಿತು. ಇಬ್ಬರಲ್ಲಿ ಯಾರ ಮಾತು ದಿಟ?

ಇಬ್ಬರದೂ ದಿಟ, ಅವರು ನೋಡಿದ ಕಿರಣಗಳು ಬೇರೆಬೇರೆ. ಕೆಂಡದಿಂದ ಹೊರಡುವ ಕಿರಣಗಳಲ್ಲಿ ಕಣ್ಣಿಗೆ ಕಾಣುವ ಬೆಳಕೂ ಅದಕ್ಕೆ ಸಮೀಪವಾದ ಅವಕೆಂಪು ಕಿರಣಗಳೂ ಗಣನೀಯವಾಗಿರುವುದರಿಂದ, ಕೆಂಡಕ್ಕೆ ಎದುರಾದ ಗೋಡೆ ಬೆಳ್ಳಗಿದ್ದರೆ ಲಾಭವುಂಟು, ಮಸಿ ಅದನ್ನು ಬೆಳ್ಳಗಿರಗೊಡುವಷ್ಟು ಕಾಲ. ಒಲೆಯ ಹೊರಮೈಯಾದರೋ ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟು ಕಾವಿನ ವಸ್ತು ಅತಿಶಯವಾಗಿ ಬೀರುವುದು 8.7 ಮೈಕ್ರೋಮೀಟರು ಉದ್ದದ ತರಂಗಗಳನ್ನು. ಗೌರಿಬಿದನೂರಿನ ಬಯಲಿನಲ್ಲಿ ಹರಡಿಕೊಂಡಿರುವ, 1976ರಲ್ಲಿ ಕೆಲಸ ತೊಡಗಿದ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶದಿಂದ ಹಿಡಿಯುತ್ತಿದ್ದ ತರಂಗಗಳ ಉದ್ದ 8.7 ಮೀಟರು, ಅವುಗಳನ್ನು ಸರಿಯಾಗಿ ಹತ್ತು ಲಕ್ಷ ಪಾಲು ಕುಗ್ಗಿಸಿದರೆ ಪಕ್ಕದ ಹಳ್ಳಿಯ ಬಚ್ಚಲೊಲೆಯ ಕಾವು ದೊರೆಯುತ್ತದೆ. ಒಂದೇ ಕುಲದ ಈ ಕಿರಣಗಳಿಗೆ ನಮ್ಮ ಕಣ್ಣಿನ ಬಿಳುಪು ಕೆಂಪುಗಳ ಭೇದ ಗೊತ್ತಿಲ್ಲ. ಆ ಉದ್ದದ ತರಂಗಗಳ ಮಟ್ಟಿಗೆ ಸುಣ್ಣವೂ ಕೆಮ್ಮಣ್ಣೂ ಬರಿಯ ಇಟ್ಟಿಗೆಯೂ ಮಸಿಯೂ ಬಹುಮಟ್ಟಿಗೆ ಸಮಾನವಾಗಿ, ಪರಿಪೂರ್ಣ ಕೃಷ್ಣಕಾಯ ಬೀರುವುದರ ನೂರಕ್ಕೆ ತೊಂಬತ್ತರಷ್ಟನ್ನು ಬೀರುತ್ತವೆ. ನಂಬದವರು ಒಂದೇ ಅಳತೆಯ ಮೂರು ತಗಡಿನ ಡಬ್ಬಿಗಳನ್ನು ತಂದು, ಒಂದಕ್ಕೆ ಸುಣ್ಣ, ಒಂದಕ್ಕೆ ಕೆಮ್ಮಣ್ಣು ಬಳಿದು, ಒಂದನ್ನು ಹೊಳೆಯುವಂತೆಯೇ ಬಿಟ್ಟು, ಮೂರಕ್ಕೂ ಸಮವಾಗಿ ಬಿಸಿನೀರು ಹೊಯ್ದು ನೋಡಲಿ. ಕೊನೆಯವರೆಗೂ ಬಿಸಿಯಾಗಿ ಉಳಿಯುವುದು ಮೂರನೆಯದು.

ಹಾಗಾದರೆ ಒಲೆಗೆ ಅಲ್ಯೂಮಿನಿಯಂ ಪುಡಿಯ ಬೆಳ್ಳಿಬಣ್ಣ ಬಳಿದು ಸೌದೆಯನ್ನು ಉಳಿಸಬಹುದಲ್ಲವೆ ಎಂದು ಜಾಣರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. 30 ಡಿಗ್ರಿಯ ಕೋಣೆಯಲ್ಲಿ 60 ಡಿಗ್ರಿ ಕಾದ ಒಂದು ಚದರ ಮೀಟರು ಸುಣ್ಣದ ಗೋಡೆ ಕಿರಣರೂಪವಾಗಿ ಕಳೆದುಕೊಳ್ಳುವುದು ಸುಮಾರು 200 ವ್ಯಾಟ್; ಗಂಟೆಗೆ ಒಂದು ಕಿಲೋಗ್ರಾಮು ಒಣಸೌದೆ ಉರಿಯುವ ಒಲೆಯಲ್ಲಿ ಹುಟ್ಟುವ ಶಾಖ 4,000 ವ್ಯಾಟಿಗೂ ಮಿಗಿಲು. ನೂರಕ್ಕೆ ಐದರಷ್ಟೂ ಇಲ್ಲದ ಈ ನಷ್ಟದಲ್ಲಿ ಅರ್ಧವನ್ನು ತಡೆದರೂ, ಗೋಡೆ ಅಷ್ಟರಮಟ್ಟಿಗೆ ಇನ್ನೂ ಬಿಸಿಯಾಗಿ ಗಾಳಿಗೆ ಶಾಖವನ್ನು ಕೊಟ್ಟು ಲಾಭವನ್ನು ಮತ್ತೆ ತಿನ್ನುತ್ತದೆ. ಶಾಖ ಸೋರುವ ಹೆಬ್ಬಾಗಿಲು ಬೇರೆ ಕಡೆ ಇದೆ. ಅದು ಪಾತ್ರೆಯನ್ನು ತಾಗದೆ ಹೊರಟುಹೋಗುವ ಬಿಸಿಹೊಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ತಂಡ ರೂಪಿಸಿ, ಕರ್ನಾಟಕದ ಹಳ್ಳಿಗಳಲ್ಲಿ ಅಸ್ತ್ರ ಒಲೆಯೆಂದೇ ಹೆಸರಾದ ಮೂರು ಪಾತ್ರೆಗಳ ಒಲೆ ಈ ಬಾಗಿಲನ್ನೇ ಕಿರಿದುಮಾಡಿತು: ಗಾಳಿಯನ್ನು ಅಳತೆಗೆ ತಂದು, ಹೊಗೆಯನ್ನು ಮೂರು ಪಾತ್ರೆಗಳ ತಳದಲ್ಲಿ ಹಾಯಿಸಿ, ಅನಂತರವೇ ಕೊಳವೆಯ ಮೂಲಕ ಮಾಡಿನಾಚೆಗೆ ಕಳುಹಿಸಿ, ಮೂರುಕಲ್ಲಿನ ಒಲೆಯಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿದ್ದ ಉಪಯುಕ್ತ ಶಾಖವನ್ನು ಪರೀಕ್ಷೆಗಳಲ್ಲಿ ಮೂರರಲ್ಲೊಂದು ಪಾಲಿಗೆ ಏರಿಸಿತು. ಯಾವ ಬಣ್ಣವೂ ಈ ಕೆಲಸವನ್ನು ಮಾಡಲಾರದು. ಬೆಳ್ಳಿಬಣ್ಣಕ್ಕೆ ತಕ್ಕ ಸ್ಥಳ ಕಬ್ಬಿಣದ ಹೊಗೆಕೊಳವೆ. ಸಿಲಿಕೋನ್ ರಾಳದಲ್ಲಿ ಕಲಸಿದ ಅಲ್ಯೂಮಿನಿಯಂ ಬಣ್ಣ 500 ಡಿಗ್ರಿಯನ್ನೂ ಸಹಿಸಿ ಅದನ್ನು ತುಕ್ಕಿನಿಂದ ಕಾಯುತ್ತದೆ.

ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಒಲೆಯ ಮೈ ಪಡುವ ಪಾಡು ಗೃಹಕೃತ್ಯದ ಒಲೆಗಿಂತ ಹೆಚ್ಚಿನದು. ಗೂಡಿನ ಎಳೆಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಗೋಂದು ಸಡಿಲಾಗಬೇಕಾದರೆ ಕುದಿಯುವುದಕ್ಕೆ ಸಮೀಪವಾದ ನೀರು ಬೇಕು. ಚರಕದ ಮುಂದಿನ ಒಲೆಯಲ್ಲಿ ಹಿಪ್ಪುನೇರಳೆಯ ಕಡ್ಡಿಯೋ ಸೌದೆಯೋ ದಿನದ ಬಹುಭಾಗ ಉರಿಯುತ್ತದೆ, ನೀರಿನ ಆವಿ ಗೋಡೆಗಳಲ್ಲೆಲ್ಲ ಹನಿಗಟ್ಟುತ್ತದೆ, ಗೋಂದು ಬೆರೆತ ನೀರು ಒಲೆಯ ಮೈಮೇಲೆ ಚೆಲ್ಲುತ್ತದೆ. ಇಂತಹ ಸ್ಥಳದಲ್ಲಿ ರಾಳದ ಪೊರೆ ಒಂದು ಋತುವನ್ನೂ ದಾಟಲಾರದು. ಸುಣ್ಣವಾದರೆ ಅಗ್ಗ, ಮತ್ತೆ ಮತ್ತೆ ಬಳಿಯಬಹುದು, ಅದರ ತೀವ್ರಕ್ಷಾರದಲ್ಲಿ ಬೂಷ್ಟು ಬೆಳೆಯದು. ಮೇಲಾಗಿ ಅದು ರೇಷ್ಮೆಯವರಿಗೆ ಅಪರಿಚಿತ ವಸ್ತುವೂ ಅಲ್ಲ, ಹುಳು ಜ್ವರಕ್ಕೆ, ಎಂದರೆ ಪೊರೆ ಕಳಚಲು, ಕುಳಿತಾಗ ಹಾಸಿಗೆಯನ್ನು ಒಣಗಿಸಲು ಅರಳಿದ ಸುಣ್ಣದ ಪುಡಿಯನ್ನು ಎರಚುವುದು ಅವರಿಗೆ ವಾಡಿಕೆಯೇ. ಒಲೆಯ ಮೇಲುಗಡೆಗೆ ಸುಣ್ಣ, ಕೆಳಗಣ ಪಾದಕ್ಕೆ ಕೆಮ್ಮಣ್ಣು ಎಂಬ ಹಳೆಯ ಏರ್ಪಾಡು, ಕೊಳೆಯನ್ನು ಮರೆಸುವ ದೃಷ್ಟಿಯಿಂದಲೂ, ನನ್ನ ಮಟ್ಟಿಗೆ ನೋಟದ ದೃಷ್ಟಿಯಿಂದಲೂ, ಇನ್ನಾವುದಕ್ಕೂ ಸೋಲುವಂಥದಲ್ಲ.

ಈಗಾಗಲೇ ಎನಾಮಲ್ ಬಳಿದ ಒಲೆಯುಳ್ಳವರು ಅದನ್ನು ಪೂರ್ತಿಯಾಗಿ ಕೆರೆದು ತೆಗೆಯದೆ ಸುಣ್ಣಕ್ಕೆ ಕೈಹಾಕಬಾರದು. ಕೆರೆಯುವಾಗಲೂ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸದೆ ನೀರು ಚಿಮುಕಿಸಿ ಕೆರೆಯಬೇಕು. ಮನೆಬಣ್ಣಗಳಲ್ಲಿ ಸೀಸದ ಅಂಶವನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಮಿತಗೊಳಿಸಿದ ಭಾರತ ಸರ್ಕಾರದ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ, ಅದಕ್ಕೆ ಹಿಂದಿನ ಬಣ್ಣಗಳ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಾಡತಕ್ಕದ್ದಲ್ಲ. ಮಸಿಯನ್ನು ಬೂದಿಯ ತಿಳಿಯಿಂದ ತೊಳೆದು, ಇಟ್ಟಿಗೆಯನ್ನು ಚೆನ್ನಾಗಿ ನೆನೆಸಿ, ಒಂದು ಕಿಲೋಗ್ರಾಮು ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರಿನ ಲೆಕ್ಕದಲ್ಲಿ ನೀರು ಕೂಡಿಸಿ, ಒಂದು ದಿನ ಇಟ್ಟು, ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಹಾಲಿನಷ್ಟು ತೆಳುವಾಗಿ ಮೂರು ಬಾರಿ ಬಳಿಯಿರಿ. ಒಮ್ಮೆಗೇ ದಪ್ಪವಾಗಿ ಬಳಿದುದು ಬಿರಿಯುತ್ತದೆ. ಕೆಂಪು ಬೇಕಾದ ಕಡೆ ಅದೇ ತಿಳಿಗೆ ಸೋಸಿದ ಕೆಮ್ಮಣ್ಣನ್ನು ಬೆರೆಸಿದರೆ ಸಾಕು. ಬೆಂಕಿ ನೇರವಾಗಿ ತಾಗುವ ಒಳಮೈಗೆ ಏನನ್ನೂ ಬಳಿಯಬೇಕಾದುದಿಲ್ಲ, ಅದನ್ನು ಬೆಂಕಿಯೇ ನೋಡಿಕೊಳ್ಳುತ್ತದೆ. ಸುಣ್ಣ ಅರಳುವಾಗ ಮಕ್ಕಳನ್ನು ದೂರವಿಡಿ, ಬಳಿಯುವಾಗ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಕಣ್ಣಿಗೆ ಹಾರಿದರೆ ತಡಮಾಡದೆ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗಿ. ಕೊನೆಯ ಪದರ ಬಳಿದ ಮೇಲೆ ದಿನಕ್ಕೊಮ್ಮೆ ನೀರು ಚಿಮುಕಿಸುತ್ತ ಒಂದು ವಾರವಾದರೂ ಒಲೆ ಹೊತ್ತಿಸದೆ ಇರಿ.